ಟ್ಯಾಕ್ರೊಲಿಮಸ್: ಫಾಸ್ಫೇಟ್ ಕಳಚುವುದನ್ನು ತಡೆದರೆ ಕಿಡ್ನಿ ಉಳಿಯುವುದು ಹೇಗೆ?

ಹಾಸನದ ಅಕ್ಕ:
ತಮ್ಮನಿಗೆ ಅಮ್ಮನ ಕಿಡ್ನಿ ಕಸಿ ಮಾಡಿ ಎಂಟು ತಿಂಗಳಾಯ್ತು. ದೇಹ ಆ ಕಿಡ್ನಿಯನ್ನು ತಿರಸ್ಕರಿಸದಿರಲಿ ಅಂತ ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಟ್ಯಾಕ್ರೊಲಿಮಸ್ ಎಂಬ ಔಷಧ. ಅಲಾರಂ ಇಟ್ಟು ನುಂಗಿಸುವವಳು ನಾನೇ. ಇದು ಕ್ಯಾಲ್ಸಿನ್ಯೂರಿನ್ ಅನ್ನು ತಡೆಯುತ್ತದಂತೆ, ಅದು ಪ್ರೋಟೀನಿನಿಂದ ಫಾಸ್ಫೇಟ್ ಕಳಚುವ ಕಿಣ್ವವಂತೆ. ಫಾಸ್ಫೇಟ್ ಅಂಟಿದರೆ ಪ್ರೋಟೀನ್ ಚುರುಕು, ಕಳಚಿದರೆ ತಣ್ಣಗೆ ಅಂತ ಪಿಯುಸಿಯಲ್ಲಿ ಬರೆದುಕೊಂಡಿದ್ದೆ. ಹಾಗಾದರೆ ಕಳಚುವುದನ್ನೇ ತಡೆದರೆ ದೇಹ ಕಿಡ್ನಿಯ ಮೇಲೆ ಇನ್ನಷ್ಟು ಜೋರಾಗಿ ಬೀಳಬೇಕಲ್ಲ? ರಕ್ತದ ರಿಪೋರ್ಟಿನಲ್ಲಿ ಬರುವ ಫಾಸ್ಫರಸ್ಸೂ ಇದೇನಾ?

ಜೀವರಸಾಯನದ ಮೇಷ್ಟ್ರು:
ರಿಪೋರ್ಟಿನದು ಬೇರೆಯಮ್ಮ, ಅದು ರಕ್ತದಲ್ಲಿ ಕರಗಿರುವ ಖನಿಜ.

ನಿಮ್ಮ ನೋಟ್ಸು ಗ್ಲೈಕೊಜನ್ (ದೇಹ ಕೂಡಿಟ್ಟ ಸಕ್ಕರೆ) ಒಡೆಯುವ ಫಾಸ್ಫೊರಿಲೇಸ್ ಎಂಬ ಕಿಣ್ವಕ್ಕೆ ಸರಿ. ಕ್ರೆಬ್ಸ್ ಮತ್ತು ಫಿಷರ್ ಎಂಬ ವಿಜ್ಞಾನಿಗಳು 1955ರಲ್ಲಿ ಸ್ನಾಯುವಿನಲ್ಲಿ ತೋರಿಸಿದ್ದು ಅದನ್ನೇ. 1992ರಲ್ಲಿ ನೊಬೆಲ್ ಬಂತು. ಅದೇ ಸ್ನಾಯುವಿನಲ್ಲಿ ಗ್ಲೈಕೊಜನ್ ಕಟ್ಟುವ ಕಿಣ್ವ ಮಾತ್ರ ಫಾಸ್ಫೇಟ್ ಕಳಚಿದಾಗಲೇ ಚುರುಕಾಗುತ್ತದೆ. ಫಾಸ್ಫೇಟ್ ತನ್ನ ಋಣ ಆವೇಶದಿಂದ ಪ್ರೋಟೀನಿನ ಆಕಾರ ಬದಲಿಸುತ್ತದೆ, ಅಷ್ಟೇ. ಅದರಿಂದ ಕೆಲಸ ಶುರುವಾಗುತ್ತದೋ ನಿಲ್ಲುತ್ತದೋ ಆಯಾ ಪ್ರೋಟೀನಿನ ಮೇಲೆ ಹೋಗುತ್ತದೆ.

ದೇಹದ ರಕ್ಷಣೆಗೆ ಹೋರಾಡುವ ಬಿಳಿ ರಕ್ತಕಣವಾದ ಟಿ ಕೋಶದಲ್ಲಿ ಎನ್‌ಫ್ಯಾಟ್ ಅಂತೊಂದು ಪ್ರೋಟೀನ್ ಇದೆ. ಮೈತುಂಬ ಫಾಸ್ಫೇಟ್ ಇರುವವರೆಗೆ ಕೋಶಕೇಂದ್ರದೊಳಗೆ ಹೋಗಲು ಬೇಕಾದ ಅದರ ಗುರುತು ಮುಚ್ಚಿಕೊಂಡಿರುತ್ತದೆ. ಟಿ ಕೋಶ ಪರಕೀಯ ಅಂಗಾಂಶವನ್ನು ಗುರುತಿಸಿದಾಗ ಒಳಗೆ ಕ್ಯಾಲ್ಸಿಯಂ ಏರುತ್ತದೆ. ಕ್ಯಾಲ್ಸಿಯಂ ಹಿಡಿಯುವ ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನಿನ ಮೂಲಕ ಕ್ಯಾಲ್ಸಿನ್ಯೂರಿನ್ ಎಚ್ಚೆತ್ತು ಆ ಫಾಸ್ಫೇಟ್‌ಗಳನ್ನು ಕಳಚುತ್ತದೆ. ಎನ್‌ಫ್ಯಾಟ್ ಒಳಹೊಕ್ಕು, ಟಿ ಕೋಶಗಳಿಗೆ ಹೆಚ್ಚಲು ಸಂದೇಶ ಕೊಡುವ ಐಎಲ್-2 ಎಂಬ ಪ್ರೋಟೀನಿನ ಜೀನನ್ನು ಚಾಲೂ ಮಾಡುತ್ತದೆ, ಟಿ ಕೋಶಗಳು ದಂಡುಗಟ್ಟುತ್ತವೆ. ಟ್ಯಾಕ್ರೊಲಿಮಸ್ ಎಫ್‌ಕೆಬಿಪಿ12 ಎಂಬ ಇನ್ನೊಂದು ಪ್ರೋಟೀನಿನ ಜೊತೆಗೂಡಿ ಕ್ಯಾಲ್ಸಿನ್ಯೂರಿನ್‌ಗೆ ಅಡ್ಡ ಕೂರುತ್ತದೆ. ಫಾಸ್ಫೇಟ್ ಕಳಚದೆ ಎನ್‌ಫ್ಯಾಟ್ ಹೊರಗೇ ಉಳಿಯುತ್ತದೆ, ಕಿಡ್ನಿಯ ಮೇಲೆ ಬೀಳುವ ದಂಡು ಕಟ್ಟುವುದಿಲ್ಲ. 1991ರಲ್ಲಿ ಇದು ಗೊತ್ತಾಗುವ ಮೊದಲೇ ಔಷಧ ಸಿಕ್ಕಿತ್ತು: 1984ರಲ್ಲಿ, ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ದೇವನಹಳ್ಳಿಯಿಂದ:
ನನಗೆ ಕಸಿಯಾಗಿ ಆರು ವರ್ಷ. ಅಕ್ಕ, ಚಕ್ಕೋತ ಕೊಡಬೇಡಿ. ಈ ಔಷಧವನ್ನು ಒಡೆಯುವ ಕರುಳಿನ ಕಿಣ್ವವನ್ನು ಅದು ತಡೆಯುತ್ತದೆ, ರಕ್ತದಲ್ಲಿ ಮಟ್ಟ ಏರುತ್ತದೆ. ನಮ್ಮ ಹಿತ್ತಲಲ್ಲೇ ಮರವಿದೆ, ಹಣ್ಣೆಲ್ಲ ನೆಂಟರಿಗೆ. ಮಟ್ಟ ನೋಡುವ ದಿನ ಮೊದಲು ರಕ್ತ ಕೊಡಿಸಿ, ಬೆಳಗಿನ ಡೋಸ್ ಆಮೇಲೆ.

ಹಾಸನದ ಅಕ್ಕ:
ಮೇಷ್ಟ್ರೇ, ಈಗ ಅರ್ಥವಾಯ್ತು. ಚಕ್ಕೋತದ ಮಾತು ಗೊತ್ತೇ ಇರಲಿಲ್ಲ. ಕಾಫಿ ಲೋಟ ಹಿಡಿದರೆ ತಮ್ಮನ ಕೈ ನಡುಗುತ್ತೆ, ಅದೂ ಇದರಿಂದಲೇ?

ಜೀವರಸಾಯನದ ಮೇಷ್ಟ್ರು:
ಇರಬಹುದು. ನಡುಕ ಈ ಔಷಧದ ಪರಿಚಿತ ಅಡ್ಡಪರಿಣಾಮ. ಕ್ಯಾಲ್ಸಿನ್ಯೂರಿನ್ ಮಿದುಳಿನಲ್ಲೂ ಹೇರಳ, ಹೆಸರಿನ 'ನ್ಯೂರಿನ್' ಬಂದಿದ್ದು ಅಲ್ಲಿಂದಲೇ. ಈ ವಾರವೇ ಡಾಕ್ಟರಿಗೆ ಹೇಳಿ. ಡೋಸ್ ಮಾತ್ರ ನೀವಾಗಿ ಇಳಿಸಬೇಡಿ.