ನಾಲ್ಕನೇ ಫೋಟೊದ ಕೆಂಪು ತಗಡು

ತಮ್ಮ: [ಮಾರಾಟದ ಜಾಹೀರಾತು: ಫ್ಲಾರಿಡಾ. 2003ರ ಮಾಡ್ಯುಲರ್ ಮನೆ. 3 ಬೆಡ್‌ರೂಮ್, 2 ಬಾತ್‌ರೂಮ್. 6 ಫೋಟೊ]
ಎಲ್ಲರೂ ನೋಡಿ ಹೇಳಿ. ಶನಿವಾರ ಅಡ್ವಾನ್ಸ್ ಕೊಡೋಣ ಅಂತಿದೀವಿ.

ಭಾವ: ಚೆನ್ನಾಗಿದೆ ಕಣೋ, ಬಿಡಬೇಡ. ಅಡುಗೆಮನೆ ಎಷ್ಟು ದೊಡ್ಡದಿದೆ ನೋಡು!

ಚಿಕ್ಕಪ್ಪ: ಫ್ಯಾಕ್ಟರೀಲಿ ಮಾಡಿ ಲಾರೀಲಿ ತಂದಿಳಿಸೋ ಮನೆ ತಾನೇ? ಚಂಡಮಾರುತ ಬರೋ ಜಾಗ ಅದು. ಮೊಬೈಲ್ ಹೋಮ್ ಅನ್ನಿ, ಮಾಡ್ಯುಲರ್ ಅನ್ನಿ, ಎಲ್ಲಾ ಒಂದೇ.

ಭಾವ: ಒಂದೇ ಅಲ್ಲ ಚಿಕ್ಕಪ್ಪ. ಮಾಡ್ಯುಲರ್ ಅಂದ್ರೆ ಜಾಗದಲ್ಲೇ ಕಟ್ಟೋ ಮನೆಗಿರೋ ರಾಜ್ಯದ ಕೋಡೇ, ಅಂದ್ರೆ ಕಟ್ಟಡ ನಿಯಮಾನೇ, ಅದಕ್ಕೂ. ಭಾಗಗಳನ್ನ ತಂದು ಕ್ರೇನಲ್ಲಿ ಎತ್ತಿ ಪಾಯದ ಮೇಲೆ ಕೂರಿಸ್ತಾರೆ. ಬ್ಯಾಂಕಿನವರೂ ಮಾಮೂಲಿ ಮನೆ ಸಾಲಾನೇ ಕೊಡ್ತಾರೆ.

ನಾನು: ಭಾವ, ನೀವು ಹೇಳಿದ್ದೆಲ್ಲ ಸರಿ. ಆದ್ರೆ ಈ ಮನೆ ಮಾಡ್ಯುಲರ್ ಅಲ್ಲವೇ ಅಲ್ಲ. ನಾಲ್ಕನೇ ಫೋಟೊ ಝೂಮ್ ಮಾಡಿ. ಹಿಂದಿನ ಮೂಲೆ, ಗೋಡೆಯ ಕೆಳಗೆ ಅಂಗೈಗಿಂತ ಸಣ್ಣ ಕೆಂಪು ತಗಡು ಕಾಣುತ್ತಾ? ಅದು ಹಡ್ ಲೇಬಲ್. ಹಡ್ ಅಂದ್ರೆ ಫೆಡರಲ್ ವಸತಿ ಇಲಾಖೆ, ಅದರ ನಿಯಮದ ಪ್ರಕಾರ ಕಟ್ಟಿದ ಮ್ಯಾನುಫ್ಯಾಕ್ಚರ್ಡ್ ಮನೆಗೆ ಮಾತ್ರ ಅದನ್ನ ಹೊಡೀತಾರೆ. ಮಾಡ್ಯುಲರ್‌ಗೆ ಅದು ಇರಲ್ಲ.

ತಮ್ಮ: ಏಜೆಂಟ್ ಮಾಡ್ಯುಲರ್ ಅಂತಾನೇ ಹೇಳಿದ್ರಲ್ಲ ಅಕ್ಕ

ಭಾವ: ಹಳೇ ತಗಡು ಇದ್ರೆ ಏನಾಯ್ತು? ಕಾಂಕ್ರೀಟ್ ಪಾಯದ ಮೇಲೆ ಕೂತಿದೆ. ಚಕ್ರ ಇಲ್ಲ, ಏನಿಲ್ಲ. ಈಗ ಅದು ಮಾಡ್ಯುಲರ್ ಲೆಕ್ಕಾನೇ.

ನಾನು: ಆಗಲ್ಲ ಭಾವ. ಫ್ಯಾಕ್ಟರೀಲಿ ಯಾವ ಕೋಡ್ ಹಿಡಿದು ಕಟ್ಟಿದ್ರೋ ಅದೇ ಕೊನೇವರೆಗೂ. ಚಕ್ರ ಬಿಚ್ಚಿದ್ರೂ ಅಡಿಯಲ್ಲಿ ಉಕ್ಕಿನ ಚಾಸಿ ಹಾಗೇ ಇರುತ್ತೆ, ಅದು ಮನೆಯ ಭಾಗಾನೇ.

ಚಿಕ್ಕಪ್ಪ: ನಾನು ಹೇಳಿದ್ದೇ ಆಯ್ತಲ್ಲ! ಬೇಡ ಬಿಡೋ ಅದು.

ನಾನು: ಚಿಕ್ಕಪ್ಪ, ಅದೂ ಅನ್ಯಾಯ. ನೀವು ಹೆದರ್ತಿರೋದು ಹಳೇ ಮೊಬೈಲ್ ಹೋಮ್‌ಗೆ. 1976ರ ಜೂನ್ 15ಕ್ಕೆ ಮುಂಚೆ ದೇಶಕ್ಕೆಲ್ಲ ಒಂದೇ ಅಂತ ಈ ನಿಯಮ ಇರಲಿಲ್ಲ. ಆಮೇಲೆ ಕಟ್ಟಿದ್ದಕ್ಕೆ ಹಡ್ ಕೋಡ್ ಬಂತು. 1992ರಲ್ಲಿ ಆಂಡ್ರೂ ಚಂಡಮಾರುತ ಇಂಥ ಮನೆಗಳನ್ನ ನೆಲಸಮ ಮಾಡಿದ ಮೇಲೆ, 1994ರಲ್ಲಿ ಗಾಳಿಯ ನಿಯಮ ಬಿಗಿ ಮಾಡಿದ್ರು. ಇದು 2003ರದ್ದು, ಬಿಗಿಯಾದ ಮೇಲಿನದು. ಆದ್ರೂ ನೋಡದೆ ನಂಬಬೇಡ ಪುಟ್ಟ. ಮನೆ ಒಳಗೆ ಡೇಟಾ ಪ್ಲೇಟ್ ಅಂತ ಒಂದು ಹಾಳೆ ಅಂಟಿಸಿರ್ತಾರೆ, ಅಡುಗೆಮನೆ ಕಪಾಟಿನಲ್ಲೋ, ಕರೆಂಟ್ ಪ್ಯಾನೆಲ್ ಹತ್ರಾನೋ, ಬೆಡ್‌ರೂಮ್ ಕ್ಲಾಸೆಟ್‌ನಲ್ಲೋ. ಗಾಳಿ ವಲಯ 1, 2, 3ರಲ್ಲಿ (ಸಂಖ್ಯೆ ಏರಿದಷ್ಟೂ ಗಾಳಿ ಜೋರು) ಯಾವುದಕ್ಕೆ ಕಟ್ಟಿದ್ದು ಅಂತ ಅದರಲ್ಲಿ ನಕ್ಷೆ ಸಮೇತ ಇರುತ್ತೆ. 1ಕ್ಕೆ ಕಟ್ಟಿದ ಮನೇನ 2 ಅಥವಾ 3ರಲ್ಲಿ ಇಡೋ ಹಾಗಿಲ್ಲ. ಆ ಹಾಳೆ ಕಿತ್ತು ಹಾಕಿ ಪೇಂಟ್ ಹೊಡೆದಿದ್ರೆ ಸಾಲದ ಹೊತ್ತಿಗೆ ಪರದಾಟ. ಎಷ್ಟೋ ಫೈಲು ಇದೊಂದಕ್ಕೇ ನಿಂತಿದ್ದನ್ನ ನಮ್ಮ ಆಫೀಸಲ್ಲಿ ನೋಡಿದೀನಿ.

ಭಾವ: ಹಾಗಾದ್ರೆ ತಗೊಳ್ಳಬಹುದು ಅಂತಾಯ್ತು.

ನಾನು: ಮನೆಗಿಂತ ನನಗೆ ನೆಲದ ಚಿಂತೆ. ಜಾಹೀರಾತಿನ ಕೊನೇ ಸಾಲು ಯಾರಾದ್ರೂ ಓದಿದ್ರಾ? ‘ಲಾಟ್ ರೆಂಟ್ ಪ್ರತ್ಯೇಕ’ ಅಂತಿದೆ. ಅಂದ್ರೆ ನೆಲ ಪಾರ್ಕ್, ಅಂದ್ರೆ ಇಂಥ ಮನೆಗಳಿಗೆ ಜಾಗ ಬಾಡಿಗೆಗೆ ಕೊಡೋ ಬಡಾವಣೆ, ಅದರ ಮಾಲೀಕರದ್ದು, ಗೋಡೆ ಮಾತ್ರ ನಮ್ಮದು.

ತಮ್ಮ: ಅದು ಮೇಂಟೆನೆನ್ಸ್ ಅಂದ್ಕೊಂಡಿದ್ದೆ

ನಾನು: ಅಲ್ಲ, ನೆಲಬಾಡಿಗೆ. ಅವರು ಏರಿಸಬಹುದು. ಇಷ್ಟವಾಗದಿದ್ರೆ ಮನೆ ಎತ್ಕೊಂಡು ಹೋಗ್ತೀನಿ ಅನ್ನೋದು ಬಾಯಿಮಾತಿಗಷ್ಟೇ, ಬಿಚ್ಚಿ ಸಾಗಿಸಿ ಮತ್ತೆ ಕೂರಿಸೋಷ್ಟರಲ್ಲಿ ದುಡ್ಡೆಲ್ಲ ಹೋಗುತ್ತೆ. ನೆಲ ನಮ್ಮದಲ್ಲ ಅಂದ್ರೆ ಹೆಚ್ಚಾಗಿ ಸಿಗೋದು ಚಾಟೆಲ್ ಸಾಲ, ಅಂದ್ರೆ ನೆಲ ಬಿಟ್ಟು ಮನೆ ಒಂದರ ಮೇಲೇ ಕೊಡೋ ಸಾಲ. ಬಡ್ಡಿ ಜಾಸ್ತಿ, ಅವಧಿ ಕಮ್ಮಿ. ಫ್ಲಾರಿಡಾದಲ್ಲಿ ಇಂಥ ಮನೆಗೆ ಕಾರಿನ ಹಾಗೆ ವಾಹನ ಇಲಾಖೆಯ ಟೈಟಲ್, ಅಂದ್ರೆ ಮಾಲೀಕತ್ವದ ಪತ್ರಾನೂ ಇರುತ್ತೆ. ಇದು ಡಬಲ್‌ವೈಡ್, ಎರಡು ಭಾಗಕ್ಕೂ ಒಂದೊಂದು ಇರಬೇಕು. ಕೆಂಪು ತಗಡೂ ಎರಡು.

ಭಾವ: ನೆಲದ ವಿಷಯ ನಾನು ನೋಡಿರಲಿಲ್ಲ. ಆದ್ರೂ ಅವನ ಬಜೆಟ್‌ಗೆ ಇನ್ನೇನು ಸಿಗುತ್ತೆ ಹೇಳು?

ನಾನು: ಇದೇ ಥರದ ಮ್ಯಾನುಫ್ಯಾಕ್ಚರ್ಡ್ ಮನೇನೇ, ಸ್ವಂತ ನೆಲದ ಮೇಲಿರೋದು. ಸ್ವಲ್ಪ ಚಿಕ್ಕದಾದ್ರೂ ಪರವಾಗಿಲ್ಲ, ಊರಾಚೆ ಇದ್ರೂ ಪರವಾಗಿಲ್ಲ. ಇವನಿಗೆ ಇಪ್ಪತ್ತು ವರ್ಷ ಇರೋಕೆ ಮನೆ ಬೇಕು ಭಾವ.

ತಮ್ಮ: ಶನಿವಾರ ಅಡ್ವಾನ್ಸ್ ಕೊಡಲ್ಲ. ಡೇಟಾ ಪ್ಲೇಟ್ ಫೋಟೊ, ಎರಡೂ ಟೈಟಲ್, ಪಾರ್ಕಿನ ಕರಾರು ಕಳಿಸಿ ಅಂತ ಏಜೆಂಟ್‌ಗೆ ಈಗಷ್ಟೇ ಮೆಸೇಜ್ ಹಾಕಿದೆ.

ಚಿಕ್ಕಪ್ಪ: ಕರಾರು ಬಂದ್ರೆ ಇಲ್ಲೇ ಹಾಕು. ನಾನೂ ಓದ್ತೀನಿ.