ಊರಿಂದ ತಂದ ಮಾತ್ರೆ ಡಬ್ಬಿ, ಇಲ್ಲಿನ ರಕ್ತಭೇದಿ
ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಹೊಸದಾಗಿ ಬಂದವರೊಬ್ಬರು ನಿನ್ನೆ ರಾತ್ರಿ ಕೇಳಿದ್ರು: "ಅಕ್ಕಾ, ಮಗೂಗೆ ಲೂಸ್ ಮೋಷನ್, ರಕ್ತಾನೂ ಕಾಣ್ತಿದೆ. ಅತ್ತೆ ಕಟ್ಟಿಕೊಟ್ಟ ಆ್ಯಂಟಿಬಯೋಟಿಕ್ ಸಿರಪ್ ಇದೆ, ಹಾಕ್ಲಾ?" ತಕ್ಷಣ ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿಸಿದೆ. ಮಿಕ್ಕವರಿಗೂ ಗೊತ್ತಿರಲಿ ಅಂತ ಬರೀತಿದ್ದೀನಿ.

ನಿಮ್ಮಷ್ಟಕ್ಕೆ ನೀವೇ ಹಾಕಬೇಡಿ. ಭೇದಿ ಕಟ್ಟೋ ಮಾತ್ರೆನೂ ಬೇಡ.

ನಮ್ಮ ಕಡೆ ಮಕ್ಕಳ ರಕ್ತಭೇದಿ ಅಂದ್ರೆ ಡಾಕ್ಟರು ಮೊದಲು ನೆನೆಯೋದು ಶಿಗೆಲ್ಲಾ ಅನ್ನೋ ಬ್ಯಾಕ್ಟೀರಿಯಾನ. ಅದಕ್ಕೆ ಆ್ಯಂಟಿಬಯೋಟಿಕ್ಕೇ ಮದ್ದು. ಇಲ್ಲಿ ಅನುಮಾನ ಇ. ಕೋಲೈ ಓ157 ಅನ್ನೋ ಬೇರೆ ಬ್ಯಾಕ್ಟೀರಿಯಾ ಮೇಲೆ. ದನ-ಕುರಿಗಳ ಕರುಳಲ್ಲಿ ತೆಪ್ಪಗಿರೋ ಇದು ಮಗುವಿನ ಹೊಟ್ಟೆ ಸೇರಿದ್ರೆ ಶಿಗಾ ಟಾಕ್ಸಿನ್ ಅನ್ನೋ ವಿಷ ಬಿಡುತ್ತೆ. ಆ್ಯಂಟಿಬಯೋಟಿಕ್ ಬಿದ್ರೆ ವಿಷ ಇನ್ನೂ ಹೆಚ್ಚಬಹುದು ಅನ್ನೋದು ಡಾಕ್ಟರುಗಳ ಭಯ. ಸೋಂಕು ತಗುಲಿದ ನೂರು ಮಕ್ಕಳಲ್ಲಿ ಸುಮಾರು 5ರಿಂದ 15 ಮಕ್ಕಳಿಗೆ ಎಚ್‌ಯುಎಸ್ (ಹಿಮೋಲಿಟಿಕ್ ಯುರೀಮಿಕ್ ಸಿಂಡ್ರೋಮ್) ಆಗುತ್ತೆ: ಕೆಂಪು ರಕ್ತಕಣ ಒಡೆದು, ಪ್ಲೇಟ್‌ಲೆಟ್ ಇಳಿದು, ಕಿಡ್ನಿ ಕೈಕೊಡುತ್ತೆ. ಅದೂ ಭೇದಿ ಶುರುವಾಗಿ ವಾರದ ಹೊತ್ತಿಗೆ, ನಾವು "ಸದ್ಯ, ಹುಷಾರಾಯ್ತು" ಅಂತ ಉಸಿರು ಬಿಡೋವಾಗ. ಮುಖ ಬಿಳಿಚಿಕೊಂಡು, ನ್ಯಾಪಿ ಗಂಟೆಗಟ್ಟಲೆ ಒಣಗೇ ಇದ್ರೆ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಎಚ್‌ಯುಎಸ್ ಜಗತ್ತಲ್ಲೇ ಹೆಚ್ಚು ಇರೋದು ಅರ್ಜೆಂಟೀನಾದಲ್ಲಿ. ಬ್ರಿಟನ್‌ನಲ್ಲಿ, ಜನಸಂಖ್ಯೆಗೆ ಹೋಲಿಸಿದ್ರೆ, ಓ157 ಸೋಂಕು ಇಂಗ್ಲೆಂಡಿಗಿಂತ ನಮ್ಮ ಸ್ಕಾಟ್ಲೆಂಡಲ್ಲೇ ಜಾಸ್ತಿ. "ನಾವು ಬೀಫ್ ಮುಟ್ಟಲ್ವಲ್ಲ, ನಮಗೆಲ್ಲಿ ಬರುತ್ತೆ" ಅಂತೀರಾ? 2000ನೇ ಇಸವೀಲಿ ಇಲ್ಲೇ ಅಬರ್ಡೀನ್‌ಷೈರ್‌ನ ನ್ಯೂ ಡೀರ್ ಹತ್ರ ಸ್ಕೌಟ್ ಕ್ಯಾಂಪಿಗೆ ಹೋದ ಮಕ್ಕಳಿಗೆ ಇದು ಅಂಟಿತ್ತು. ಕುರಿ ಮೇಯ್ದು ಹಿಕ್ಕೆ ಹಾಕಿದ ಹೊಲ, ಮೇಲೆ ಮಳೆ. ನೂರಕ್ಕಿಂತ ಕಡಿಮೆ ಕ್ರಿಮಿ ಒಳಗೆ ಹೋದ್ರೂ ಸಾಕು.

ಕುರಿಮರಿ ನೋಡೋಕೆ ಫಾರ್ಮಿಗೆ ಹೋದಾಗ ನನ್ನ ಮಗಳು ಬೂಟಿಗಂಟಿದ ಕೆಸರನ್ನ ಉಗುರಲ್ಲಿ ಕೆರೆದು, ಅದೇ ಬೆರಳನ್ನ ಬಾಯಿಗಿಟ್ಲು. ನಾನು ಕಿರುಚಿದ್ದು ವಿಡಿಯೋ ಕಾಲಲ್ಲಿದ್ದ ಅಮ್ಮನಿಗೂ ಕೇಳಿಸ್ತು. "ಸಗಣಿ ಸಾರಿಸಿದ ನೆಲದಲ್ಲೇ ಅಲ್ವೇನೇ ನೀನು ಅಂಬೆಗಾಲಿಟ್ಟಿದ್ದು" ಅಂತ ನಕ್ಕರು. ಅಮ್ಮನ ಜೊತೆ ವಾದ ಮಾಡೋರ್ಯಾರು! ಸೋಪು ಹಾಕಿ ಕೈ ತೊಳೆಸಿದೆ. ಬರೀ ಸ್ಯಾನಿಟೈಸರ್ ಇದಕ್ಕೆ ಸಾಲದು.

ಇನ್ನೊಂದು. ಪರೀಕ್ಷೇಲಿ ಓ157 ಅಂತ ಬಂದ್ರೆ, ಐದು ವರ್ಷದೊಳಗಿನ ಮಗುವನ್ನ ಭೇದಿ ನಿಂತ ಮಾತ್ರಕ್ಕೆ ನರ್ಸರಿಗೆ ವಾಪಸ್ ಸೇರಿಸಲ್ಲ. 24 ಗಂಟೆ ಅಂತರದಲ್ಲಿ ಕೊಟ್ಟ ಎರಡು ಮಲ ಪರೀಕ್ಷೆ ಕ್ಲಿಯರ್ ಆಗ್ಬೇಕು. ವಾರಗಟ್ಟಲೆ ಹಿಡಿದರೂ ಹಿಡೀತು, ಆಫೀಸಲ್ಲಿ ಈಗಲೇ ರಜೆ ಹೇಳಿಡಿ.