‘ಕೇಸ್’ ಎಂಬುದಕ್ಕೆ ವಿಭಾಗಕ್ಕೊಂದು ಪದ ಬೇಕೇ, ಎಲ್ಲಕ್ಕೂ ಒಂದೇ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ದೊಡ್ಡ ಕಂಪನಿಯೊಂದರ ಕೇಸ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರಿಗೆ, ಅಂದರೆ ಬಂದ ದೂರು, ಅರ್ಜಿ, ವ್ಯಾಜ್ಯಗಳನ್ನು ಒಂದೊಂದು ‘ಕೇಸ್’ ಎಂದು ದಾಖಲಿಸಿ ಮುಗಿಯುವವರೆಗೆ ನೋಡಿಕೊಳ್ಳುವ ಸಾಫ್ಟ್‌ವೇರಿಗೆ, ಕನ್ನಡ ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಂಪನಿಗೆ ಗಾರ್ಮೆಂಟ್ಸ್ ಕಾರ್ಖಾನೆಗಳಿವೆ, ಲಾರಿಗಳಿವೆ, ಊರೂರಲ್ಲಿ ಬಟ್ಟೆ ಅಂಗಡಿಗಳಿವೆ, ಇವೆಲ್ಲಕ್ಕೂ ಸೇರಿ ಒಂದು ಕಾನೂನು ವಿಭಾಗವಿದೆ. ಇಲ್ಲಿಯವರೆಗೆ ಒಬ್ಬೊಬ್ಬರದು ಒಂದೊಂದು ಎಕ್ಸೆಲ್ ಹಾಳೆ. ಇನ್ನು ಮುಂದೆ ಎಲ್ಲ ಒಂದೇ ಸಾಫ್ಟ್‌ವೇರಿನಲ್ಲಿ ಇರಬೇಕು, ಆದರೆ ಒಬ್ಬರದು ಇನ್ನೊಬ್ಬರಿಗೆ ಕಾಣಬಾರದು ಎಂದು ತೀರ್ಮಾನವಾಗಿದೆ. ಪರದೆಯ ಮೇಲಿನ ಹೆಸರುಗಳು, ಬಟನ್‌ಗಳು, ಹೊರಗೆ ಹೋಗುವ ಎಸ್ಸೆಮ್ಮೆಸ್ಸುಗಳು ನನ್ನ ಜವಾಬ್ದಾರಿ. ‘ಕೇಸ್’ ಎಂಬ ಮೊದಲ ಪದದ ಹತ್ತಿರವೇ ಕೆಲಸ ನಿಂತಿದೆ.

ಸಾಫ್ಟ್‌ವೇರ್ ಮಾಡಿಕೊಟ್ಟವರು ನಿಘಂಟು ನೋಡಿ ಎಲ್ಲ ಕಡೆ ‘ಪ್ರಕರಣ’ ಎಂದು ಹಾಕಿದ್ದಾರೆ. ಗಾರ್ಮೆಂಟ್ಸಿನ ಹೆಣ್ಣುಮಗಳೊಬ್ಬರು ಪಿಎಫ್ ಖಾತೆಯಲ್ಲಿ ತಮ್ಮ ಹೆಸರು ತಪ್ಪಾಗಿದೆ, ಸರಿಮಾಡಿಸಿ ಎಂದು ಅರ್ಜಿ ಕೊಟ್ಟರೆ ಅವರ ಫೋನಿಗೆ ಬರುವುದು ಇದು: ‘ನಿಮ್ಮ ಪ್ರಕರಣ ದಾಖಲಾಗಿದೆ.’ ದಿನಪತ್ರಿಕೆ ಓದುವ ಯಾರಿಗಾದರೂ ಪ್ರಕರಣ ದಾಖಲಾಗುವುದು ಎಂದರೆ ಠಾಣೆ, ಎಫ್‌ಐಆರ್. ಒಂದಕ್ಷರ ತಿದ್ದಿಸಲು ಹೋದವರು ಮನೆಯವರಿಗೆ ಈ ಸಂದೇಶ ತೋರಿಸಿ ಏನೆಂದು ವಿವರಿಸಬೇಕು? ಕಾರ್ಖಾನೆಯ ಪರದೆಯಿಂದ ಈ ಪದ ಹೋಗಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪದಕ್ಕೆ ಮೊದಲಿನಿಂದ ಈ ಬಣ್ಣ ಇರಲಿಲ್ಲ ಎಂಬುದು ಇಲ್ಲಿಯವರಿಗೆ ಗೊತ್ತೇ ಇದೆ. ಕೇಶಿರಾಜ 13ನೆಯ ಶತಮಾನದಲ್ಲಿ ವ್ಯಾಕರಣ ಬರೆದಾಗ ಸಂಧಿಪ್ರಕರಣ, ನಾಮಪ್ರಕರಣ, ಸಮಾಸಪ್ರಕರಣ ಎಂದು ಅಧ್ಯಾಯಗಳಿಗೆ ಹೆಸರಿಟ್ಟ. ಒಂದು ವಿಷಯವನ್ನು ಎತ್ತಿಕೊಂಡು ಪೂರ್ತಿ ಹೇಳುವ ಜಾಗ ಎಂಬಷ್ಟೇ ಅರ್ಥ. ಆ ಅರ್ಥ ಉಳಿದಿದ್ದರೆ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತಿತ್ತು.

ಸರ್ಕಾರಿ ಕಚೇರಿಗಳು ಇದೇ ಇಂಗ್ಲಿಷ್ ಪದವನ್ನು ಇನ್ನೊಂದು ರೀತಿ ಕನ್ನಡಿಸಿಕೊಂಡಿವೆ. ತಾಲ್ಲೂಕು ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ‘ಕೇಸ್ ವರ್ಕರ್’, ಬರವಣಿಗೆಯಲ್ಲಿ ‘ವಿಷಯ ನಿರ್ವಾಹಕ’. ಇಲ್ಲಿ ಕೇಸ್ ಎಂದರೆ ವಿಷಯ. ತುಂಬ ಚೆನ್ನಾಗಿದೆ, ಯಾರ ಮೇಲೂ ಆರೋಪವಿಲ್ಲ. ಆದರೆ ಒಂಟಿಯಾಗಿ ನಿಂತಾಗ ‘ವಿಷಯ’ ಸಡಿಲವಾಗುತ್ತದೆ. ‘ಬಾಕಿ ವಿಷಯಗಳು 40’ ಎಂದರೆ ಸಭೆಯ ಅಜೆಂಡಾ ಓದಿದ ಹಾಗಿರುತ್ತದೆ. ‘ಕೇಸ್ ವರ್ಕರ್’ ಎಂಬ ಹುದ್ದೆಗೆ ಮಾತ್ರ ‘ವಿಷಯ ನಿರ್ವಾಹಕರು’ ಎಂಬುದನ್ನೇ ಇಟ್ಟುಕೊಳ್ಳುತ್ತಿದ್ದೇನೆ.

ಒಂದೇ ಪದ ಎಲ್ಲರಿಗೂ ಒಗ್ಗುತ್ತದೆ ಎಂಬ ನಂಬಿಕೆಯೇ ತಪ್ಪು ಎನಿಸಲು ಪೊಲೀಸ್ ಪತ್ರಿಕಾ ಪ್ರಕಟಣೆಗಳನ್ನು ನೋಡಿದರೆ ಸಾಕು. ಒಂದೇ ರಾಜ್ಯ, ಒಂದೇ ಇಲಾಖೆ. ಠಾಣೆಯಲ್ಲಿ ದಾಖಲಾದ ಕೇಸಿನ ಸಂಖ್ಯೆಗೆ ತುಮಕೂರು ಕಡೆ ‘ಮೊ.ನಂ.’ (ಮೊಕದ್ದಮೆ ನಂಬರು) ಎಂದು ಬರೆದರೆ ಕಲಬುರಗಿ, ಬೀದರ ಕಡೆ ‘ಗುನ್ನೆ ನಂ.’, ಉಡುಪಿಯಲ್ಲಿ ‘ಅಪರಾಧ ಕ್ರಮಾಂಕ’. ಯಾರಿಗೂ ಇದರಿಂದ ಕೆಲಸ ಕೆಟ್ಟಿಲ್ಲ.

ಹಾಗಾಗಿ ನಾನು ಕಂಪನಿಯ ಮುಂದೆ ಇಟ್ಟಿರುವ ಸಲಹೆ ಇದು: ಒಳಗಿನ ಪಟ್ಟಿ ಒಂದೇ ಇರಲಿ, ವಿಭಾಗದವರು ಲಾಗಿನ್ ಆದಾಗ ಕಾಣುವ ಹೆಸರು ಅವರವರದು ಇರಲಿ. ಅಂಗಡಿಗೆ ‘ದೂರು’, ಕಾರ್ಖಾನೆಗೆ ‘ಅಹವಾಲು’, ಸಾಗಣೆಗೆ ‘ಕ್ಲೇಮು’, ಕಾನೂನಿನವರಿಗೆ ‘ದಾವೆ’. ಸಾಫ್ಟ್‌ವೇರಿನಲ್ಲಿ ಇದು ಕಷ್ಟವಲ್ಲ. ಕಷ್ಟ ಬರುವುದು ಒಂದು ಸಂಗತಿ ವಿಭಾಗದ ಗಡಿ ದಾಟಿದಾಗ.

ಲಾರಿಯೊಂದು ಬೈಕಿಗೆ ತಾಗಿ ಸವಾರನ ಕಾಲು ಮುರಿಯಿತು ಅಂದುಕೊಳ್ಳಿ. ಠಾಣೆಯಲ್ಲಿ ಅದಕ್ಕೊಂದು ಮೊ.ನಂ. ವಿಮೆಯವರಲ್ಲಿ ಕ್ಲೇಮು ಸಂಖ್ಯೆ. ಗಾಯಾಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದರೆ ಅಲ್ಲಿ ಎಂವಿಸಿ (ಮೋಟಾರು ವಾಹನ ಕೇಸ್) ಸಂಖ್ಯೆ. ಡ್ರೈವರ್ ಮೇಲೆ ಕಂಪನಿ ಆಂತರಿಕ ವಿಚಾರಣೆ ನಡೆಸಿದರೆ ಅದು ನಾಲ್ಕನೆಯದು. ಸಾಗಣೆಯವರು ‘ಕ್ಲೇಮು’ ಎನ್ನುವುದನ್ನು ಕಾನೂನಿನವರು ‘ಎಂವಿಸಿ’ ಎನ್ನುತ್ತಾರೆ, ಎಚ್‌ಆರ್‌ನವರು ‘ವಿಚಾರಣೆ’ ಎನ್ನುತ್ತಾರೆ. ಈ ನಾಲ್ಕನ್ನೂ ಒಳಗಿಟ್ಟುಕೊಳ್ಳುವ ಹೊರಗಿನ ಹೊದಿಕೆಗೆ ಏನೆನ್ನಬೇಕು? ನನ್ನ ಒಲವು ‘ಕಡತ’ದ ಕಡೆ. ಹಿಂದೆ ಕಡತ ಎಂದರೆ ಹುಣಸೆಬೀಜದ ಅಂಟು, ಇದ್ದಿಲು ಬಳಿದ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ. ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿರಪರಿಚಿತ. ಬೇರೆ ಬೇರೆ ಮಡಿಕೆಯಲ್ಲಿ ಬೇರೆ ಬೇರೆ ಲೆಕ್ಕ ಇದ್ದರೂ ಬಟ್ಟೆ ಒಂದೇ.

ಇದಕ್ಕೆ ಒಂದು ತೊಡಕಿದೆ. ಲಿನಕ್ಸ್ ಡೆಸ್ಕ್‌ಟಾಪ್‌ಗಳ ಕನ್ನಡದಲ್ಲಿ ಕಂಪ್ಯೂಟರಿನ ಫೈಲಿಗೆ ‘ಕಡತ’ ಎಂದೇ ಬಳಕೆಯಾಗಿದೆ. ನಮ್ಮಲ್ಲೂ ಹಾಗೆ ಮಾಡಿದರೆ ‘ಕಡತಕ್ಕೆ ಕಡತ ಸೇರಿಸಿ’ ಎಂದು ಬರೆಯಬೇಕಾಗುತ್ತದೆ. ಪಿಡಿಎಫ್, ಫೋಟೊಗಳನ್ನು ‘ಫೈಲ್’ ಎಂದೇ ಉಳಿಸಿ, ಸೇರಿಸುವ ಕೆಲಸಕ್ಕೆ ‘ಲಗತ್ತಿಸಿ’ ಎಂದರೆ ತೊಡಕು ಬಿಡುತ್ತದೆ ಎಂದು ನನ್ನ ಎಣಿಕೆ. ಒಪ್ಪದವರು ದಯವಿಟ್ಟು ಹೇಳಿ.

ಕಡತದ ಸಂಖ್ಯೆಗೆ ಮಾದರಿ ನಮ್ಮ ಸಚಿವಾಲಯದಲ್ಲೇ ಇದೆ. ಸರ್ಕಾರಿ ಆದೇಶದ ತಲೆಯಲ್ಲಿ ಮೊದಲು ಇಲಾಖೆಯ ಕಿರುಹೆಸರು (ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ‘ಸಿಆಸುಇ’ ಆಗುತ್ತದೆ), ಆಮೇಲೆ ಕ್ರಮಸಂಖ್ಯೆ, ಆಮೇಲೆ ಶಾಖೆಯ ಕಿರುಹೆಸರು, ಕೊನೆಗೆ ವರ್ಷ. ಓದಿದ ಕೂಡಲೇ ಕಡತ ಎಲ್ಲಿಯದು ಎಂದು ತಿಳಿಯುತ್ತದೆ. ಅದೇ ದಾರಿಯಲ್ಲಿ ‘ಗಾ 118 ಮಾಸಂ 2025’ ಎಂದರೆ ಗಾರ್ಮೆಂಟ್ಸ್, ಮಾನವ ಸಂಪನ್ಮೂಲ. ಇದರ ಜೊತೆಗೆ ಇಡೀ ಕಂಪನಿಗೆ ಒಂದು ಸಂಖ್ಯೆ ಬೇಕು. ನ್ಯಾಯಾಲಯಗಳಲ್ಲಿ ದಾವೆಯ ಸಂಖ್ಯೆ ಕೋರ್ಟಿಗೊಂದು ಇದ್ದರೂ 16 ಅಕ್ಷರ, ಅಂಕಿಗಳ ಸಿಎನ್‌ಆರ್ ಸಂಖ್ಯೆ ದೇಶಕ್ಕೆಲ್ಲ ಒಂದೇ ಇರುತ್ತದಲ್ಲ, ಹಾಗೆ.

ಆದರೆ ಒಂದು ಜಾಗದಲ್ಲಿ ಈ ಅಚ್ಚುಕಟ್ಟೇ ಅಪಾಯ. 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು, ಕಚೇರಿಗಳು ಬೇರೆ ಬೇರೆ ಕಡೆ ಇದ್ದರೆ ಒಂದೊಂದರಲ್ಲೂ ಇರಬೇಕು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ದೂರು ಕೊಟ್ಟವರು, ಎದುರುದಾರರು, ಸಾಕ್ಷಿಗಳು ಯಾರೆಂಬುದು ಹೊರಬೀಳುವಂತಿಲ್ಲ. ಹೀಗಿರುವಾಗ ಸಂಖ್ಯೆಯಲ್ಲೇ ‘ಆಂಸ’ ಎಂದು ಬಂದರೆ? ಫೋನ್ ಪಕ್ಕದಲ್ಲಿಟ್ಟು ಊಟಕ್ಕೆ ಕೂತಾಗ ಪರದೆಯ ಮೇಲೆ ಮೂಡಿದ ಆ ಎರಡಕ್ಷರ ಸಾಕು, ಹೊಲಿಗೆಯ ಸಾಲಿನಲ್ಲಿ ಜೊತೆಗೆ ಕೂರುವ ಇಡೀ ಲೈನಿಗೆ ಗೊತ್ತಾಗುತ್ತದೆ. ಈ ದೂರುಗಳ ಸಂಖ್ಯೆಗೆ ಕಿರುಹೆಸರು ಇರಬಾರದು, ಸಂದೇಶದಲ್ಲಿ ‘ನಿಮ್ಮ ಅರ್ಜಿ ತಲುಪಿದೆ’ ಎನ್ನುವುದಕ್ಕಿಂತ ಹೆಚ್ಚು ಇರಬಾರದು ಎಂದು ಪಟ್ಟು ಹಿಡಿದಿದ್ದೇನೆ. ‘ಎದುರುದಾರ’ ಎಂದು ಬೇಕೆಂದೇ ಬರೆದೆ. ಈಗ ಪರದೆಯಲ್ಲಿ ಎಲ್ಲ ವಿಭಾಗಕ್ಕೂ ‘ಆರೋಪಿ’ ಎಂದಿದೆ, ಗುಂಡಿ ಕಿತ್ತುಬಂದ ಅಂಗಿಯ ದೂರಿನಲ್ಲೂ!

ಇನ್ನು ‘ಡಿವಿಷನ್’ ಎಂಬುದು. ವಿದ್ಯುತ್ ಕಂಪನಿಗಳಲ್ಲಿ ವಲಯ, ವೃತ್ತ, ವಿಭಾಗ, ಉಪವಿಭಾಗ, ಶಾಖೆ ಎಂದು ಇಳಿಯುತ್ತದೆ. ರೈಲ್ವೆಯಲ್ಲಿ ನೈರುತ್ಯ ವಲಯ, ಅದರೊಳಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳು. ಅಲ್ಲೆಲ್ಲ ವಿಭಾಗ ಎಂದರೆ ನೆಲದ ಹರವು. ಕಂಪನಿಯಲ್ಲಿ ಗಾರ್ಮೆಂಟ್ಸೂ ವಿಭಾಗ, ಎಚ್‌ಆರ್ ಕೂಡ ವಿಭಾಗ. ‘ಗಾರ್ಮೆಂಟ್ಸ್ ವಿಭಾಗದ ಲೆಕ್ಕಪತ್ರ ವಿಭಾಗ’ ಎಂಬಂಥವು ಪರದೆಯ ತುಂಬ ಇವೆ. ‘ಶಾಖೆ’ ಎಂದರೆ ಬ್ಯಾಂಕಿನ ನೆನಪು ಬರುತ್ತದೆ. ‘ಘಟಕ’ ಎಂದರೆ ಕೆಎಸ್‌ಆರ್‌ಟಿಸಿಯಲ್ಲಿ ಡಿಪೊ, ಗಾರ್ಮೆಂಟ್ಸಿನವರಿಗೆ ಅದು ‘ಯೂನಿಟ್’, ಅಂದರೆ ಒಂದು ಕಾರ್ಖಾನೆ. ಯೂನಿಟ್ ಎಂಬುದನ್ನು ಮುಟ್ಟುವುದಿಲ್ಲ, ಅದು ಅವರ ದಿನದ ಮಾತು. ಉಳಿದ ಎರಡು ಹಂತಕ್ಕೆ ಬೇರೆ ಬೇರೆ ಪದ ಬೇಕು.

ಮುಗಿದುದಕ್ಕೆ ‘ವಿಲೇವಾರಿ’ ಎಂದಿದ್ದಾರೆ. ಕಸಕ್ಕೂ ಅದೇ ಪದ ಬಳಕೆಯಲ್ಲಿರುವಾಗ ಒಬ್ಬರ ಅಹವಾಲಿಗೆ ಅದು ಬೇಡ. ಕೊಟ್ಟವರು ಒಪ್ಪಿದರೆ ‘ಇತ್ಯರ್ಥ’, ಒಪ್ಪದೆಯೂ ಮುಗಿಸಬೇಕಾಗಿ ಬಂದರೆ ‘ಮುಕ್ತಾಯ’ ಎಂದು ಎರಡು ಮಾಡಿದ್ದೇನೆ.

ಬಳಗದವರಲ್ಲಿ ಕೇಳುವುದು ಇಷ್ಟು. ಹೊರಹೊದಿಕೆಗೆ ‘ಕಡತ’ ನಡೆದೀತೇ? ‘ವಿಭಾಗ’ದ ಒಳಗಿನ ಎಚ್‌ಆರ್, ಲೆಕ್ಕಪತ್ರದಂಥವಕ್ಕೆ ನಿಮ್ಮ ಕಚೇರಿಗಳಲ್ಲಿ ಏನನ್ನುತ್ತಾರೆ? ಧಾರವಾಡ, ಬೆಳಗಾವಿ ಕಡೆಯವರು ಒಂದನ್ನು ಮರೆಯದೆ ತಿಳಿಸಿ: ಅಲ್ಲಿಯ ಕಾರ್ಖಾನೆಗಳಲ್ಲಿ ‘ಅಹವಾಲು’ ಎಂದರೆ ಕೆಲಸಗಾರರು ಅದನ್ನು ತಮ್ಮ ಮಾತು ಎಂದುಕೊಳ್ಳುತ್ತಾರೋ, ‘ತಕರಾರು’ ಎಂಬುದೇ ಹೆಚ್ಚು ಬಳಕೆಯೋ? ನನ್ನ ಕಿವಿಗೆ ‘ತಕರಾರು’ ಜಗಳದಂತೆ ಕೇಳುತ್ತದೆ, ಅಲ್ಲಿ ಹಾಗಿಲ್ಲದಿದ್ದರೆ ಆ ಯೂನಿಟ್‌ಗಳಿಗೆ ಅದನ್ನೇ ಹಾಕಲು ಸಾಫ್ಟ್‌ವೇರಿನಲ್ಲಿ ಅವಕಾಶವಿದೆ.